ಮರೆಪ್ಪನಿಗೆ ನಾನು ಕೊಟ್ಟ ಬಾಕ್ಸು

ದೇವಾಪುರದ ಮದುವೆಯಲ್ಲಿ ಆಂಪ್ಲಿಫೈಯರ್ ಸುಟ್ಟದ್ದು ಮರೆಪ್ಪನಿಂದಲ್ಲ, ನನ್ನಿಂದ. ಇಷ್ಟು ಹೇಳಲು ನನಗೆ ಇಪ್ಪತ್ತೇಳು ವರ್ಷ ಬೇಕಾಯಿತು. ಇನ್ನೂ ಒಂದು ಮಾತಿದೆ — ಅದು ಸುಡುತ್ತದೆಂದು ನನಗೆ ಎರಡು ದಿನ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಸುಟ್ಟ ಮೇಲೆ ಮಾತ್ರ ಬಾಯಿ ಬಿಟ್ಟೆ. ಮದುವೆಗೆ ಬಂದ ಅಷ್ಟೂ ಜನರ ಎದುರು ತಪ್ಪನ್ನು ಆ ಹುಡುಗನ ತಲೆಗೆ ಕಟ್ಟಿದೆ. ಕಟ್ಟುವುದಕ್ಕೆ ದೊಡ್ಡ ಭಾಷಣವೇನೂ ಬೇಕಾಗಲಿಲ್ಲ. ಎರಡೇ ಶಬ್ದ ಸಾಕಾದವು.

ನನ್ನ ಹೆಸರು ಚಂದ್ರಶೇಖರ. ಶಹಾಪುರದಲ್ಲಿ ಎಲ್ಲರೂ ಶೇಖಣ್ಣ ಅನ್ನುತ್ತಾರೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟವನು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದೆ. ಆಮೇಲೆ ಕಾಲುವೆಗೆ ನೀರು ಬಂತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಕಾಲುವೆಯ ದಂಡೆಗುಂಟ ಪಂಪಸೆಟ್ಟುಗಳು ಕೂತವು, ಅವು ಸುಟ್ಟಾಗಲೆಲ್ಲ ನನ್ನ ಅಂಗಡಿಗೆ ಬಂದವು. ಭತ್ತದ ಹಣ ಕೈಗೆ ಬಂದ ಮೇಲೆ ಮದುವೆಗಳ ರೀತಿಯೂ ಬದಲಾಯಿತು. ಬಾಜಾ ಬಜಂತ್ರಿ ಸಾಲದಾಗಿ ಆರ್ಕೆಸ್ಟ್ರಾ ಕರೆಸತೊಡಗಿದರು. ಹೀಗಾಗಿ ನಾನು ಮೋಟಾರಿನ ತಂತಿ ಸುತ್ತುವುದರ ಜೊತೆಗೆ ಮೈಕು, ಸ್ಪೀಕರು, ಬಾಕ್ಸುಗಳ ವ್ಯಾಪಾರಕ್ಕೂ ಇಳಿದೆ. ಯಾರ ಹತ್ತಿರವೂ ಕಲಿತವನಲ್ಲ. ಬಿಚ್ಚಿ, ಜೋಡಿಸಿ, ಸುಟ್ಟುಕೊಂಡು ಕಲಿತೆ. ಅದರದ್ದೇ ಒಂದು ಸೊಕ್ಕು ನನಗಿತ್ತು — ಈ ಮೂರು ತಾಲೂಕಿನಲ್ಲಿ ಕರೆಂಟಿನ ವಿಷಯ ನನಗಿಂತ ಹೆಚ್ಚು ಬಲ್ಲವರು ಯಾರು ಅಂತ.

ಆರ್ಕೆಸ್ಟ್ರಾ ಅಂದರೆ ಆಗ ನಮ್ಮ ಕಡೆ ಉಸ್ಮಾನ್ ಮಾಸ್ತರರದ್ದೇ. ಅವರು ಕೀಬೋರ್ಡ್ ನುಡಿಸುತ್ತಿದ್ದರು. ಮೆಲ್ಲಗೆ ಮಾತಾಡುವ, ಯಾರನ್ನೂ ಎತ್ತರದ ದನಿಯಲ್ಲಿ ಬಯ್ಯದ ಮನುಷ್ಯ. ಅವರ ಕಾರ್ಯಕ್ರಮಗಳಿಗೆ ಸೌಂಡ್ ನನ್ನದು. ಅವರ ಪಾರ್ಟಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನೇ ಮರೆಪ್ಪ, ದೋರನಹಳ್ಳಿಯವನು. ಆಗ ಅವನಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ಇರಬಹುದು. ಬೇಸ್ ಗಿಟಾರ್ ಗೊತ್ತಿಲ್ಲದವರಿಗೆ ಹೇಳುತ್ತೇನೆ — ನಾಲ್ಕು ದಪ್ಪ ತಂತಿಯ ಗಿಟಾರ್ ಅದು, ಹಾಡಿನ ತಳದ ದನಿ. ಕೇಳುತ್ತ ಕೂತವರಿಗೆ ಅದು ಇದೆಯೆಂದು ಗೊತ್ತೇ ಆಗುವುದಿಲ್ಲ. ನಿಂತಾಗ ಮಾತ್ರ ಏನೋ ಹೋಯಿತು ಅನ್ನಿಸುತ್ತದೆ.

ಮರೆಪ್ಪನ ಅಪ್ಪ ಭೀಮಪ್ಪ ಹಲಗಿ ಬಾರಿಸುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದವನು. ಯಾರ ಮನೆಯಲ್ಲಿ ಹೆಣ ಎದ್ದರೂ, ಯಾವ ದೇವರ ಮೆರವಣಿಗೆ ಹೊರಟರೂ ಮುಂದೆ ಚರ್ಮವಾದ್ಯ ಹಿಡಿದು ನಡೆಯಬೇಕಾದವರು ಅವರ ಓಣಿಯವರು. ಅದು ಕಲೆ ಎಂದು ಯಾರೂ ಕರೆದಿರಲಿಲ್ಲ. ಅವರು ಮಾಡಲೇಬೇಕಾದ ಚಾಕರಿ ಎಂದೇ ಎಲ್ಲರ ಲೆಕ್ಕ. ಒಂದು ವರ್ಷ ಆ ಓಣಿಯವರೆಲ್ಲ ಬುದ್ಧನ ದಾರಿ ಹಿಡಿದರು. ಇನ್ನು ಮುಂದೆ ಯಾರ ಹೆಣದ ಮುಂದೂ ಹಲಗಿ ಬಾರಿಸುವುದಿಲ್ಲ ಎಂದು ಕೆಳಗಿಟ್ಟರು. ಅದಕ್ಕಾಗಿ ಒಂದು ಸುಗ್ಗಿ ಪೂರ್ತಿ ಅವರನ್ನು ಯಾರೂ ಹೊಲದ ಕೆಲಸಕ್ಕೆ ಕರೆಯಲಿಲ್ಲ. ಆದರೂ ಭೀಮಪ್ಪ ಮತ್ತೆ ಅದನ್ನು ಮುಟ್ಟಲಿಲ್ಲ.

ಮಗ ಪಿಯುಸಿ ಸೈನ್ಸ್ ಓದಿ, ಮುಂದೆ ಓದಲಾಗದೆ, ಉಸ್ಮಾನ್ ಮಾಸ್ತರರ ಹತ್ತಿರ ಸೇರಿಕೊಂಡ. ಅಲ್ಲಿ ಗಿಟಾರ್ ಕಲಿತ. ಮಾಸ್ತರರು ಪಾರ್ಟಿಗೆ ಹೊಸ ಬ್ಯಾನರ್ ಬರೆಸಿದಾಗ ಕೆಳಗೆ ಎಲ್ಲರ ಹೆಸರೂ ಹಾಕಿಸಿದರು. 'ಬೇಸ್ ಗಿಟಾರ್: ಮರೆಪ್ಪ ದೋರನಹಳ್ಳಿ' ಅಂತ ಒಂದು ಸಾಲು. ಅದನ್ನು ನೋಡಲು ಭೀಮಪ್ಪ ಊರಿಂದ ಬಂದಿದ್ದ. ಓದಲು ಬರದು, ನನ್ನ ಅಂಗಡಿಯ ಮುಂದೆ ನಿಂತು, ನನ್ನಿಂದಲೇ ಆ ಸಾಲನ್ನು ಎರಡು ಸಲ ಓದಿಸಿ ಕೇಳಿದ. "ಹಲಗಿ ಅಂತ ಎಲ್ಲೂ ಬರದಿಲ್ಲ ಅಲ್ರಿ?" ಎಂದು ಕೇಳಿದ. ಇಲ್ಲ ಎಂದೆ. ಅವನ ಮುಖ ಆವತ್ತು ಹೇಗಿತ್ತು ಅನ್ನುವುದು ನನಗೆ ಈಗಲೂ — ಇರಲಿ. ಆ ಹುಡುಗನಿಗೆ ಆ ಒಂದು ಸಾಲು ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ನಾನು ಪಾರಾಗುವಂತಿಲ್ಲ.

ಆ ಬೇಸಿಗೆಯಲ್ಲಿ ತೊಂದರೆ ಏನಾಯಿತೆಂದರೆ, ಪೆಂಡಾಲುಗಳು ದೊಡ್ಡವಾದವು. ಮಾಸ್ತರರ ಬೇಸ್ ಆಂಪ್ಲಿಫೈಯರಿನಲ್ಲಿ ಒಳಗೇ ಒಂದು ಸ್ಪೀಕರ್ ಇತ್ತು. ಅದರ ದನಿ ಬಯಲಲ್ಲಿ ನಾಲ್ಕು ಸಾಲಿನಾಚೆ ಹೋಗುತ್ತಿರಲಿಲ್ಲ. ಹಿಂದೆ ಇನ್ನೊಂದು ಸ್ಪೀಕರ್ ಬಾಕ್ಸು ಹಚ್ಚಲು ಒಂದು ತೂತು ಇತ್ತು. "ಶೇಖಣ್ಣನ ಹತ್ರ ಹೋಗಿ ಒಂದು ಬಾಕ್ಸ್ ಆರಿಸ್ಕೊಂಡು ಬಾ" ಎಂದು ಮಾಸ್ತರರು ಮರೆಪ್ಪನನ್ನೇ ಕಳಿಸಿದರು.

ಅವನು ಆಂಪ್ಲಿಫೈಯರನ್ನೂ ಗಿಟಾರನ್ನೂ ಹೊತ್ತುಕೊಂಡು ಬಂದಾಗ ನನ್ನ ಹತ್ತಿರ ಹೈದರಾಬಾದಿನಿಂದ ಬಂದ ಎರಡು ಬಾಕ್ಸುಗಳಿದ್ದವು. ಒಂದರಲ್ಲಿ ಹದಿನೈದು ಇಂಚಿನ ಒಂದೇ ದೊಡ್ಡ ಸ್ಪೀಕರ್, ಹಿಂದೆ ಎಂಟು ಓಮ್ ಎಂದು ಬರೆದಿತ್ತು. ಇನ್ನೊಂದರಲ್ಲಿ ಹನ್ನೆರಡು ಇಂಚಿನ ಎರಡು, ಹಿಂದೆ ನಾಲ್ಕು ಓಮ್. ಮರೆಪ್ಪ ಒಳಗೆ ಬಂದವನು ಕುರ್ಚಿಯ ಮೇಲೆ ಕೂರಲಿಲ್ಲ, ಎಂದಿನಂತೆ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಎರಡರ ಬೆನ್ನನ್ನೂ ಓದಿದ. ನಾನು ಕೂರು ಅನ್ನಲಿಲ್ಲ. ಯಾವತ್ತೂ ಅಂದಿರಲಿಲ್ಲ.

"ಅಣ್ಣಾರ, ಆಂಪ್ಲಿ ಹಿಂದ ಬರದಾರ್ರಿ, ಒಟ್ಟು ನಾಲ್ಕು ಓಮಿಗಿಂತ ಕಡಿಮಿ ಆಗಬಾರ್ದು ಅಂತ. ಒಳಗಿಂದು ಎಂಟು ಅದ. ಈ ಎಂಟಿಂದು ಹಚ್ಚಿದ್ರ ಹೊಂದ್ತದ ಅನ್ನಸ್ತದ್ರಿ."

"ಎಂಟಕ್ಕ ಎಂಟು ಸೇರಿದ್ರ ಹದಿನಾರು ಆತಲ್ಲೋ. ಅಷ್ಟು ಲೋಡ್ ಅದು ಎಳಿತದೇನು? ನಾಲ್ಕಿಂದು ಒಯ್ಯಿ, ಹಗುರ ಆಗ್ತದ."

"ಇಲ್ರಿ, ಹಂಗ ಕೂಡಂಗಿಲ್ರಿ ಅದು. ಜೋಡಿ ಹಚ್ಚಿದ್ರ ಅರ್ಧ ಆಗ್ತದ. ಪಿಯುಸಿದಾಗ ಓದಿದ್ದೆ..."

"ಪಿಯುಸಿದಾಗ ಬಾಕ್ಸ್ ಮಾರ್ತಿದ್ರೇನೋ?"

ಅಂಗಡಿಯಲ್ಲಿ ಮೋಟಾರು ತಂದು ಕೂತಿದ್ದ ಇಬ್ಬರು ರೈತರು ನಕ್ಕರು. ಮರೆಪ್ಪನೂ ನಕ್ಕ — ನಕ್ಕಂತೆ ಮಾಡಿದ.

ನನ್ನ ತಪ್ಪು ಎಲ್ಲಿಂದ ಬಂತೆಂದು ಹೇಳಬೇಕು. ಅದನ್ನು ಹೇಳಿದರೆ ತಪ್ಪು ಸಣ್ಣದಾಗುತ್ತದೆಂದಲ್ಲ. ಕಾಲುವೆಯ ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು — ಲೋಡು. ಮೂರು ಎಚ್‌ಪಿ ಮೋಟಾರಿಗಿಂತ ಐದರದ್ದು ಹೆಚ್ಚು ಲೋಡು, ಐದಕ್ಕಿಂತ ಏಳೂವರೆಯದು ಹೆಚ್ಚು. ನಂಬರ್ ದೊಡ್ಡದಾದಷ್ಟೂ ಭಾರ. ಹತ್ತು ವರ್ಷ ಮೋಟಾರಿನ ನಂಬರನ್ನೇ ಓದಿದ ಕಣ್ಣು ಓಮಿನ ನಂಬರನ್ನೂ ಹಾಗೆಯೇ ಓದಿತು. ನಿಜದಲ್ಲಿ ಅದು ಪೂರಾ ಉಲ್ಟಾ. ಓಮ್ ಅಂದರೆ ಕರೆಂಟಿಗೆ ಇರುವ ತಡೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಎಳೆಯಬೇಕು. ಎಂಟಕ್ಕೆ ಎಂಟು ಹಚ್ಚಿದರೆ ಒಟ್ಟು ನಾಲ್ಕಾಗುತ್ತದೆ. ಎಂಟಕ್ಕೆ ನಾಲ್ಕು ಹಚ್ಚಿದರೆ ಮೂರಕ್ಕಿಂತಲೂ ಕೆಳಗೆ ಹೋಗುತ್ತದೆ. ಹುಡುಗ ಹೇಳಿದ್ದೇ ಸರಿ. ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆಮೇಲೆ ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಅದರ ಬದಲು ನಾಲ್ಕರ ಬಾಕ್ಸನ್ನೇ ಆಂಪ್ಲಿಫೈಯರಿಗೆ ಹಚ್ಚಿ, ಬಾರಿಸು ಎಂದೆ. ದನಿ ಜೋರಾಗಿಯೇ ಬಂತು — ಅದು ಹಾಗೆಯೇ ಬರುತ್ತದೆ, ಸುಡುವ ಮೊದಲು ಜೋರಾಗಿ ಕೇಳುತ್ತದೆ. ಕಪಾಟಿನ ಗಾಜು ಗಡಗಡ ಅಲುಗಿತು. ಕೂತಿದ್ದ ರೈತರು ತಲೆದೂಗಿದರು. ನಾನು ಗೆದ್ದವನ ಹಾಗೆ ಮರೆಪ್ಪನ ಮುಖ ನೋಡಿದೆ. ಅವನು ಆಂಪ್ಲಿಫೈಯರಿನ ಬೆನ್ನಿಗೆ ಅಂಗೈ ಇಟ್ಟು, "ಬಿಸಿ ಆಗ್ಲಾಕತ್ತದ್ರಿ" ಎಂದ.

"ಈ ಬ್ಯಾಸಿಗ್ಯಾಗ ನಾನೂ ಬಿಸಿ ಆಗೀನಿ" ಎಂದೆ. ಮತ್ತೆ ನಗು. ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, "ನೀವು ಹೇಳ್ತೀರಿ ಅಂದ್ರ ಆತ್ರಿ" ಎಂದು ನಾಲ್ಕರದ್ದನ್ನೇ ಒಯ್ದ.

ಇಲ್ಲಿಯವರೆಗೆ ಅದು ತಿಳಿಯದೆ ಮಾಡಿದ್ದು. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನಾಲ್ಕರದ್ದು ಖರ್ಚಾಯಿತಲ್ಲ, ಇನ್ನೊಂದು ತರಿಸೋಣವೆಂದು ಎಸ್‌ಟಿಡಿ ಬೂತಿನಿಂದ ಹೈದರಾಬಾದಿನ ವ್ಯಾಪಾರಿಗೆ ಫೋನು ಮಾಡಿದೆ. ಯಾವುದಕ್ಕೆ ಹಚ್ಚಿದಿ ಎಂದು ಅವನು ಸಹಜವಾಗಿ ಕೇಳಿದ. ಹೇಳಿದೆ. ಅವನು, "ಅರೆ ಮಿಯಾ, ಜಲ್ ಜಾತಾ ಉನೆ! ಆಠ್ ಕು ಆಠ್‌ಇಚ್ ಲಗಾನಾ" ಎಂದು ಕೂಗಿದ. ಸುಟ್ಟುಹೋಗುತ್ತದೆ, ಎಂಟಕ್ಕೆ ಎಂಟೇ ಹಚ್ಚಬೇಕು ಅಂತ. ಯಾಕೆ ಎಂದು ಸಮಾಧಾನವಾಗಿ ಬಿಡಿಸಿಯೂ ಹೇಳಿದ. ಮರೆಪ್ಪ ಹೊಸ್ತಿಲಲ್ಲಿ ಕೂತು ಹೇಳಿದ್ದನ್ನೇ ಹೇಳಿದ, ಅರ್ಧ ಆಗುತ್ತದೆ ಎಂಬ ಮಾತು ಸಹಿತ. ದೇವಾಪುರದ ಮದುವೆಗೆ ಆಗ ಎರಡು ದಿನ ಬಾಕಿ ಇತ್ತು.

ಎಂಟರ ಬಾಕ್ಸು ಅಂಗಡಿಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಅದನ್ನು ಒಂದು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ದೋರನಹಳ್ಳಿಯ ದಾರಿ ಹಿಡಿದೆ. ಕಾಲುವೆಯ ಸೇತುವೆಯವರೆಗೆ ಹೋದೆ. ಅಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಡ್ರೈವರ್ ಬೀಡಿ ಹಚ್ಚಿದ. ನಾನು ಸೇತುವೆಯ ಕಟ್ಟೆಗೆ ಒರಗಿ ನಿಂತು, ಮರೆಪ್ಪನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. 'ನೀ ಹೇಳಿದ್ದೇ ಖರೆ ಅದ ನೋಡಪ್ಪ.' ಇಷ್ಟೇ ವಾಕ್ಯ. ಅದು ನನ್ನ ಬಾಯಲ್ಲಿ ಕೂರಲೊಲ್ಲದು. ಅವನು ಅಣಕಿಸುವವನಲ್ಲ, ಊರಿಗೆ ಸಾರುವವನೂ ಅಲ್ಲ. 'ಇರಲಿ ಬಿಡ್ರಿ ಅಣ್ಣಾರ' ಎಂದು ತಾನೇ ನಾಚಿಕೊಂಡು ತಲೆ ತಗ್ಗಿಸುತ್ತಿದ್ದ. ಆದರೂ ಆಗಲಿಲ್ಲ.

ಯಾಕೆ ಆಗಲಿಲ್ಲ — ಇದನ್ನು ನೆಟ್ಟಗೆ ಹೇಳುತ್ತೇನೆ, ಇಷ್ಟು ವರ್ಷ ನನಗೆ ನಾನೇ ಸುತ್ತಿಬಳಸಿ ಹೇಳಿಕೊಂಡಿದ್ದು ಸಾಕು. ಬ್ಯಾಂಕಿನ ಗುಮಾಸ್ತನೋ, ನಮ್ಮ ಓಣಿಯ ಯಾವನಾದರೂ ಹುಡುಗನೋ ನನ್ನನ್ನು ತಿದ್ದಿದ್ದರೆ, 'ಭಲೇ ಶಾಣ್ಯಾ ಅದಿ' ಎಂದು ಬೆನ್ನು ತಟ್ಟಿ ಚಹಾ ಕುಡಿಸುತ್ತಿದ್ದೆ. ಮರೆಪ್ಪನಿಂದ ಕಲಿಯುವುದು ನನ್ನಿಂದಾಗಲಿಲ್ಲ. ನಮ್ಮ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಅವನ ಚಹಾದ ಗ್ಲಾಸು ಬೇರೆ ಇರುತ್ತಿತ್ತು. ಕುಡಿದು ತಾನೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದ. ಅಂಥವನು ನನಗೆ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು — ಇದನ್ನು ಅವನ ಮನೆಯ ಬಾಗಿಲಿಗೆ ಹೋಗಿ, ಅವನ ಅಪ್ಪನ ಎದುರು ಒಪ್ಪಿಕೊಳ್ಳುವುದು... ಡ್ರೈವರನ ಬೀಡಿ ಮುಗಿಯಿತು. ಗಾಡಿ ಹೊಳ್ಳಿಸು, ಅಂಗಡಿಗೇ ನಡಿ ಎಂದೆ. ಒಮ್ಮೆಗೇ ಸುಡಲಾರದು, ಒಂದು ಕಾರ್ಯಕ್ರಮ ದಾಟಿದರೆ ಆಮೇಲೆ ಏನೋ ನೆಪ ಹೇಳಿ ಬದಲಿಸೋಣ ಎಂದುಕೊಂಡೆ.

ಮದುವೆ ಹೊಲದ ಬದಿಯ ಪೆಂಡಾಲಿನಲ್ಲಿ. ಅಕ್ಷತೆ ಬಿದ್ದ ಮೇಲೆ, ಊಟಕ್ಕೆ ಮೊದಲು ಹಾಡು ಶುರುವಾದವು. ನೆತ್ತಿಯ ಮೇಲೆ ಸೂರ್ಯ, ಮೇಲೆ ತಗಡು, ಜನರೇಟರಿನ ಸದ್ದು. ನಾನು ಮೈಕಿನ ಮಿಕ್ಸರ್ ಹತ್ತಿರ ಕೂತಿದ್ದೆ. ಕಣ್ಣು ಮಾತ್ರ ಆ ಬಾಕ್ಸಿನ ಮೇಲೆ. ಮರೆಪ್ಪ ಆವತ್ತು ಬಹಳ ಚೆನ್ನಾಗಿ ನುಡಿಸಿದ. ಅದನ್ನೂ ಹೇಳಬೇಕು. ಮೊದಲ ಬಾರಿಗೆ ಅವನ ದನಿ ಕೊನೆಯ ಸಾಲಿನವರೆಗೆ ಹೋಗುತ್ತಿತ್ತು, ಅದು ಅವನಿಗೂ ಗೊತ್ತಾಗಿತ್ತು, ಮೈಯೆಲ್ಲ ಹಗುರಾಗಿ ನುಡಿಸುತ್ತಿದ್ದ. ಐದನೆಯ ಹಾಡಿನಲ್ಲಿ ವಾಸನೆ ಬಂತು. ಆರನೆಯದಕ್ಕೆ ಆಂಪ್ಲಿಫೈಯರಿನ ಬೆನ್ನಿಂದ ಹೊಗೆ ಎದ್ದಿತು, ಒಮ್ಮೆ ಫಟ್ಟೆಂದಿತು, ಬಾಕ್ಸು ಒಂದು ಕೆಟ್ಟ ದನಿಯಲ್ಲಿ ಒರಲಿ ನಿಂತುಬಿಟ್ಟಿತು. ಹಾಡುವವಳು ಹೆದರಿ ಹಿಂದೆ ಸರಿದಳು. ಬೀಗರು ಎದ್ದು ನಿಂತರು. ಹೆಣ್ಣಿನ ತಂದೆ, ಏನಿದು ಅಪಶಕುನ ಎನ್ನುತ್ತ ವೇದಿಕೆಯ ಹತ್ತಿರ ಬಂದ.

ಉಸ್ಮಾನ್ ಮಾಸ್ತರರು ನನ್ನ ಕಡೆ ತಿರುಗಿದರು. "ಏನಾತು ಶೇಖಣ್ಣ?"

ಮರೆಪ್ಪ ನನ್ನ ಕಡೆ ನೋಡಿದ. "ಅಣ್ಣಾರ, ಆ ಬಾಕ್ಸ್..." ಎಂದು ಶುರು ಮಾಡಿದ.

ಅವನು ಮುಗಿಸಿದರೆ ಎಲ್ಲ ಹೊರಬೀಳುತ್ತದೆ ಅನ್ನಿಸಿತು. ನಾನು ಅವನಿಗಿಂತ ಎತ್ತರದ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ನಗುತ್ತ — ಹೌದು, ನಗುತ್ತಲೇ ಹೇಳಿದೆ:

"ಬಾಕ್ಸಿಗೇನೂ ಆಗಿಲ್ರಿ ಮಾಸ್ತರ. ಹಲಗಿ ಕೈ ನೋಡ್ರಿ ಅದು. ಗಿಟಾರ್ ಅಂದ್ರೂ ಹಲಗಿ ಬಡದಂಗ ಬಡದಾನ, ಆಂಪ್ಲಿ ತಡೀಲಿಲ್ಲ."

ಇಡೀ ಪೆಂಡಾಲು ನಕ್ಕಿತು. ಸಿಟ್ಟಿನಲ್ಲಿದ್ದ ಹೆಣ್ಣಿನ ತಂದೆಯೂ ನಕ್ಕ. ಎಲ್ಲರಿಗೂ ಸಮಾಧಾನವಾಯಿತು, ಅಪಶಕುನ ಹೋಗಿ ತಮಾಷೆಯಾಯಿತು. ಮರೆಪ್ಪ ಬಾಯಿ ಮುಚ್ಚಿದ. ಗಿಟಾರನ್ನು ಕುತ್ತಿಗೆಯಿಂದ ತೆಗೆದು, ವೈರು ಬಿಚ್ಚಿ, ಸುರುಳಿ ಸುತ್ತಿ, ವೇದಿಕೆಯಿಂದ ಇಳಿದ. ಉಳಿದ ಹಾಡುಗಳು ಬೇಸ್ ಇಲ್ಲದೆ ನಡೆದವು. ಬೇಸ್ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಇದಕ್ಕಿಂತ ಕೀಳಾದದ್ದು ಆಮೇಲೆ ಮಾಡಿದೆ. ಪರೀಕ್ಷೆ ಮಾಡಬೇಕು ಎಂದು ಹೇಳಿ ಆಂಪ್ಲಿಫೈಯರನ್ನೂ ಬಾಕ್ಸನ್ನೂ ಅಂಗಡಿಗೆ ತಂದೆ. ಸುಟ್ಟ ಟ್ರಾನ್ಸಿಸ್ಟರ್ ಬದಲಿಸಿದೆ. ನಾಲ್ಕರ ಬಾಕ್ಸನ್ನು ಒಳಗಿನ ಕೋಣೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟು, ಎಂಟರದ್ದನ್ನು ಹಚ್ಚಿ ಕಳಿಸಿದೆ. ಬಾಕ್ಸಿಗೂ ಸ್ವಲ್ಪ ಪೆಟ್ಟಾಗಿತ್ತು, ಬೇರೆ ಕೊಟ್ಟಿದ್ದೇನೆ ಎಂದಷ್ಟೇ ಮಾಸ್ತರರಿಗೆ ಹೇಳಿದೆ. ಮರೆಪ್ಪನ ಬದಲು ಸುರಪುರದ ಬೇರೊಬ್ಬನನ್ನು ಅವರು ಕರೆದುಕೊಂಡಿದ್ದರು. ಅವನ ಕೈಯಲ್ಲಿ ಆ ಆಂಪ್ಲಿಫೈಯರ್ ಒಂದು ದಿನವೂ ಸುಡಲಿಲ್ಲ. ಅದೇ ಆಂಪ್ಲಿ, ಬೇರೆ ಕೈ. ಅಲ್ಲಿಗೆ ಎಲ್ಲರಿಗೂ ಸಾಕ್ಷಿ ಸಿಕ್ಕಿತು — ಶೇಖಣ್ಣ ಹೇಳಿದ್ದು ಖರೆ, ತಪ್ಪು ಆ ಕೈಯದೇ. ನಾನು ಆಡಿದ ಸುಳ್ಳಿಗೆ ನಾನೇ ಪುರಾವೆ ತಯಾರಿಸಿ ಕೊಟ್ಟಿದ್ದೆ.

ಮಾಸ್ತರರು ಕೆಟ್ಟವರಲ್ಲ. ಮರೆಪ್ಪನನ್ನು ಅವರು ತೆಗೆದುಹಾಕಲಿಲ್ಲ, ಕರೆಯುವುದನ್ನು ಬಿಟ್ಟರು. ಅವನು ಬೇರೆ ಪಾರ್ಟಿಗಳಿಗೆ ಹೋದ. ಅವನಿಗಿಂತ ಮೊದಲೇ ಆ ಮಾತು ಅಲ್ಲಿಗೆ ತಲುಪಿರುತ್ತಿತ್ತು. "ಹಲಗಿ ಕೈ ಬಂತು, ಆಂಪ್ಲಿ ಸರಸ್ರಿ" ಎಂದು ನಗುತ್ತಿದ್ದರು. ಮರೆಪ್ಪ ಹೋಗಿ ಹಲಗಿ ಕೈ ಮರೆಪ್ಪನಾದ. ಹತ್ತಿಕುಣಿಯ ಕಡೆ ಒಂದು ಮದುವೆಯಲ್ಲಿ ಬೀಗರ ಪೈಕಿ ಯಾರೋ ನಿಜವಾದ ಹಲಗಿಯನ್ನೇ ತಂದು ಅವನ ಕೈಗೆ ತುರುಕಿ, ಗಿಟಾರ್ ಸಾಕು, ಇದನ್ನು ಬಾರಿಸು ನೋಡೋಣ ಎಂದರಂತೆ. ಅವನು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಗಿಟಾರನ್ನೂ ಅಲ್ಲೇ ಬಿಟ್ಟು, ನಡೆದುಕೊಂಡು ಹೋದನಂತೆ. ಮತ್ತೆ ಯಾವ ವೇದಿಕೆಗೂ ಹತ್ತಲಿಲ್ಲ. ಈ ಸುದ್ದಿಯನ್ನು ಹೋಟೆಲಿನಲ್ಲಿ ಒಬ್ಬ ಅಭಿನಯ ಮಾಡಿ ತೋರಿಸಿದ. ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ವರ್ಷಗಳು ಹೋದವು. ಅವನು ಕಾಲುವೆಯ ಗೇಟು ಎತ್ತಿ ಇಳಿಸುವ ದಿನಗೂಲಿ ಕೆಲಸಕ್ಕೆ ಸೇರಿದನೆಂದು ಕೇಳಿದ್ದೆ. ಎದುರಿಗೆ ಸಿಕ್ಕರೆ "ಆರಾಮ್ರಿ ಅಣ್ಣಾರ" ಅನ್ನುತ್ತಿದ್ದ. ನಾನು ಗಡಿಬಿಡಿಯಲ್ಲಿರುವವನ ಹಾಗೆ ಕೈ ಎತ್ತಿ ಹೋಗಿಬಿಡುತ್ತಿದ್ದೆ.

ಮೊನ್ನೆ ಮೊನ್ನೆ, ಭಜನಾ ಮಂಡಳಿಯ ಮಾಸ್ತರೊಬ್ಬರು ಬಾಕ್ಸು ಕೊಳ್ಳಲು ಬಂದರು. ಯಾವುದು ಹೊಂದುತ್ತದೆ ಎಂದು ಕೇಳಿದರು. ಎಂಟಕ್ಕೆ ಎಂಟು ಹಚ್ಚಿದರೆ ನಾಲ್ಕಾಗುತ್ತದೆ, ಅರ್ಧ ಆಗುತ್ತದೆ, ಅದಕ್ಕಿಂತ ಕೆಳಗೆ ಹೋಗಬಾರದು ಎಂದು ನಾನು ಸರಾಗವಾಗಿ ವಿವರಿಸಿದೆ. "ಭಾಳ ತಿಳ್ಕೊಂಡೀರಿ ಬಿಡ್ರಿ" ಎಂದು ಅವರು ಮೆಚ್ಚಿದರು. ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಬಾಯಿಂದ ಬಂದದ್ದು ಮರೆಪ್ಪನ ಮಾತು. ಇಷ್ಟು ವರ್ಷ ಅವನ ಮಾತನ್ನೇ ನನ್ನ ಜಾಣತನವೆಂದು ಮಾರಿಕೊಂಡು ಉಂಡಿದ್ದೆ.

ಮರುದಿನ ಬೆಳಿಗ್ಗೆ ಕಾಲುವೆಗೆ ಹೋದೆ. ಅವನು ಗೇಟಿನ ತಿರುಪಿಗೆ ಎಣ್ಣೆ ಹಚ್ಚುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನಗಿಂತ ಎಷ್ಟೋ ಸಣ್ಣವನು, ನನಗಿಂತ ಮುದುಕನ ಹಾಗೆ ಕಂಡ.

"ಮರೆಪ್ಪ, ದೇವಾಪುರದ್ದು... ಆವತ್ತಿಂದು ತಪ್ಪು ನಂದು."

"ಗೊತ್ತದ್ರಿ" ಎಂದ, ಎಣ್ಣೆಯ ಡಬ್ಬಿ ಕೆಳಗಿಡದೆ. "ಅರ್ಧ ಆಗ್ತದ ಅಂತ ನಾನೇ ಅಲ್ಲೇನ್ರಿ ಹೇಳಿದ್ದು."

"ಮತ್ತ ಆವತ್ತು ಯಾಕ ಸುಮ್ಮನಾದಿ?"

"ಹೇಳಿದ್ರ ಯಾರ್ ಕೇಳ್ತಿದ್ರು ಅಣ್ಣಾರ? ನೀವು ಕೇಳಿದ್ರೇನು?"

ಗೊತ್ತಿದ್ದೂ ಸುಮ್ಮನಿದ್ದೆ, ಸೇತುವೆಯವರೆಗೆ ಬಂದು ಹೊಳ್ಳಿ ಹೋದೆ ಎಂಬುದನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಎಣ್ಣೆ ಹಚ್ಚುವ ಕೈ ನಿಂತಿತು. ಡಬ್ಬಿಯನ್ನು ಕೆಳಗಿಟ್ಟ. ಬಯ್ಯುತ್ತಾನೆ ಎಂದುಕೊಂಡೆ — ಬಯ್ಯಲಿ ಎಂದು ಬೇಡಿಕೊಂಡೆ.

"ನನಗ್ಯಾಕ ಹೇಳ್ಲಾಕತ್ತೀರಿ?" ಎಂದ. "ನಿಮ್ಮ ಎದಿ ಹಗುರ ಆಗ್ಲಿ ಅಂತೇನು? ನನ್ನ ಮಗಳು ಟೀಚರ್ ಆಗ್ಯಾಳ್ರಿ. ಅಕಿ ಸಾಲ್ಯಾಗ ಮಂದಿ ಅಕಿಗಿ ಹಲಗಿ ಕೈ ಮಗಳು ಅಂತಾರ. ಅಕಿ ನಾ ಗಿಟಾರ್ ಬಾರ್ಸಿದ್ದು ನೋಡೇ ಇಲ್ಲ. ನನ್ನಪ್ಪ ಆ ಹೆಸರ ಕೇಳ್ತಾ ಕೇಳ್ತಾ ಸತ್ತ. ನನಗ ಹೇಳಬ್ಯಾಡ್ರಿ. ಗೊತ್ತಿಲ್ದವರಿಗಿ ಹೇಳ್ರಿ."

ತಪ್ಪಾಯಿತು ಎಂದು ಅವನ ಕೈ ಹಿಡಿಯಬೇಕೆಂದು ಹೋಗಿದ್ದೆ. ಹಿಡಿಯಲಿಲ್ಲ. ಅವನು ಡಬ್ಬಿ ಎತ್ತಿಕೊಂಡು ಮುಂದಿನ ಗೇಟಿಗೆ ನಡೆದ.

ಉಸ್ಮಾನ್ ಮಾಸ್ತರರು ತೀರಿಹೋಗಿ ಆರು ವರ್ಷವಾಯಿತು. ಅವರಿಗೆ ಹೇಳುವುದು ತಪ್ಪಿಹೋಯಿತು. ಉಳಿದವರು ನಮ್ಮ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ದಿನಾ ಕೂರುವವರು — ಸೌಂಡಿನವರು, ಬ್ಯಾಂಡಿನವರು, ಪೆಂಡಾಲಿನವರು. ಅವತ್ತೇ ಹೋದೆ. ನಾಲ್ಕೈದು ಜನ ಇದ್ದರು. ನಾನು ಕೂರದೆ ನಿಂತೇ, ಮರೆಪ್ಪನ ವಿಷಯ ಒಂದು ಮಾತು ಹೇಳುವುದಿದೆ ಎಂದೆ.

"ಯಾವ ಮರೆಪ್ಪ?" ಎಂದ ಒಬ್ಬ.

"ದೋರನಹಳ್ಳಿ ಮರೆಪ್ಪ."

"ದೋರನಹಳ್ಳ್ಯಾಗ ಹತ್ತು ಮಂದಿ ಮರೆಪ್ಪ ಅದಾರ್ರಿ ಶೇಖಣ್ಣ."

"ಬೇಸ್ ಗಿಟಾರ್ ಬಾರಸ್ತಿದ್ದ. ಉಸ್ಮಾನ್ ಮಾಸ್ತರ ಪಾರ್ಟ್ಯಾಗ."

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಹೊಳೆಯಲಿಲ್ಲ. ಈಗ ಕಾಲುವೆಯ ಗೇಟಿನ ಹತ್ತಿರ ಇರುತ್ತಾನೆ ಎಂದೆ. ಭೀಮಪ್ಪನ ಮಗ ಎಂದೆ. ಮಗಳು ಟೀಚರ್ ಎಂದೆ. ಅವರು ಪಾಪ, ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನ ಪಟ್ಟರು. ಏನು ಹೇಳಿದರೆ ಅವರಿಗೆ ತಟ್ಟನೆ ತಿಳಿಯುತ್ತದೆ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಎಷ್ಟು ಹೊತ್ತು ತಡೆದು ನಿಂತೆನೋ. ಕೊನೆಗೆ ಆ ಎರಡು ಶಬ್ದ ಹೇಳಿದೆ.

"ಹಾಂ! ಹಂಗನ್ರಿ ಮತ್ತ!" ಎಂದು ಎಲ್ಲರೂ ಒಟ್ಟಿಗೇ ನಕ್ಕರು.

ನಗು ನಿಂತ ಮೇಲೆ ಎಲ್ಲವನ್ನೂ ಹೇಳಿದೆ. ನಾಲ್ಕರ ಬಾಕ್ಸು, ಫೋನು, ಸೇತುವೆ, ಗೋಣಿಚೀಲ, ಒಂದನ್ನೂ ಬಿಡದೆ. ಕೇಳಿದರು. ಹಳೇ ಮಾತು ಬಿಡ್ರಿ ಎಂದರು. ನಾನು ಹೊರಡುವಾಗ ಒಬ್ಬ ಇನ್ನೊಬ್ಬನಿ​ಗೆ, ಹಲಗಿ ಕೈ ಮರೆಪ್ಪಂದು ತಪ್ಪಿಲ್ಲಂತಪ್ಪ ಎಂದು ಹೇಳುತ್ತಿದ್ದ.

ನಾಳೆ ಸುರಪುರಕ್ಕೆ ಹೋಗುತ್ತೇನೆ, ಆಮೇಲೆ ದೇವಾಪುರಕ್ಕೆ. ಅಲ್ಲಿಯೂ ಮೊದಲು ಕೇಳುತ್ತಾರೆ, ಯಾವ ಮರೆಪ್ಪ ಅಂತ.